ಒಂದೇ ಡ್ರೈವರ್, ಹಲವು ಚಿಪ್: ಹಾರ್ಡ್‌ವೇರ್ ವೇರಿಯಂಟ್‌ಗಳಿಗೆ ಕೋಡ್ ಕಟ್ಟುವ ಕ್ರಮ

ಲಿನಕ್ಸ್ ಡ್ರೈವರ್ (ಹಾರ್ಡ್‌ವೇರ್ ನಡೆಸುವ ಕರ್ನಲ್ ಕೋಡ್) ಬರೆಯುವುದನ್ನು ಹೊಸದಾಗಿ ಕಲಿತವರ ಕೋಡ್ ನೋಡುವಾಗ ಒಂದೇ ತಪ್ಪು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಮೊದಲ ಚಿಪ್‌ಗೆ ಬರೆದ ಡ್ರೈವರ್ ಚೆನ್ನಾಗಿಯೇ ಓಡುತ್ತಿರುತ್ತದೆ. ಆರು ತಿಂಗಳಾದ ಮೇಲೆ ಅದೇ ಕುಟುಂಬದ ಇನ್ನೊಂದು ಚಿಪ್ ಬರುತ್ತದೆ. ಎರಡು ಕಡೆ 'ಇಫ್' ಹಾಕಿ ಕೆಲಸ ಮುಗಿಸುತ್ತಾರೆ. ಮೂರನೆಯದು ಬಂದಾಗ ಏಳು ಕಡೆ. ನಾಲ್ಕನೆಯದು ಬರುವ ಹೊತ್ತಿಗೆ ಮೊದಲನೆಯದು ಕೆಟ್ಟಿರುತ್ತದೆ. ಕೆಟ್ಟಿದ್ದು ಯಾರಿಗೂ ಗೊತ್ತೂ ಆಗಿರುವುದಿಲ್ಲ, ಯಾಕೆಂದರೆ ಆ ಹಳೇ ಬೋರ್ಡ್ ಬೀರುವಿನಲ್ಲಿ ಕೂತಿದೆ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ, ಆದರೆ ಕ್ರಮ ತಪ್ಪಬಾರದು. ಇದು ಯಾವ ಚಿಪ್ ಎಂಬ ಪ್ರಶ್ನೆಯನ್ನು ಪ್ರೋಬ್‌ನಲ್ಲಿ (ಸಾಧನ ಸಿಕ್ಕಾಗ ಕರ್ನಲ್ ಮೊದಲು ಕರೆಯುವ ಫಂಕ್ಷನ್) ಒಂದೇ ಸಲ ಕೇಳಬೇಕು. ಉತ್ತರ ಒಂದು ಟೇಬಲ್‌ನಲ್ಲಿ ಇರಬೇಕು. ಆಮೇಲೆ ಡ್ರೈವರ್‌ನಲ್ಲಿ ಎಲ್ಲೂ ಆ ಪ್ರಶ್ನೆ ಮತ್ತೆ ಬರಬಾರದು. ಕೆಳಗಿನ ಎಂಟು ಹಂತಗಳೂ ಇದನ್ನು ಸಾಧಿಸುವುದಕ್ಕೇ ಇವೆ.

ಉದಾಹರಣೆಗೆ ಬಾಷ್ ಕಂಪನಿಯ ಗಾಳಿಯೊತ್ತಡದ ಸೆನ್ಸರ್‌ಗಳನ್ನು ತೆಗೆದುಕೊಂಡಿದ್ದೇನೆ: ಬಿಎಂಪಿ180, ಬಿಎಂಪಿ280, ಬಿಎಂಇ280, ಬಿಎಂಪಿ380, ಬಿಎಂಪಿ580. ಕರ್ನಲ್‌ನಲ್ಲಿ ಇವೆಲ್ಲಕ್ಕೂ ಸೇರಿ ಒಂದೇ ಡ್ರೈವರ್ ಈಗಾಗಲೇ ಇದೆ. ಅದನ್ನು ಈಗಲೇ ತೆಗೆದು ಓದಬೇಡಿ. ಮೊದಲು ನಿಮ್ಮದೇ ಬರೆಯಿರಿ, ಆಮೇಲೆ ಹೋಲಿಸಿ. ರಿಜಿಸ್ಟರ್ (ಚಿಪ್‌ನೊಳಗಿನ ಸಂಖ್ಯೆ ಹಾಕಿದ ಖಾನೆ), ಬಸ್ ವಿಳಾಸ, ಚಿಪ್‌ನ ಗುರುತು, ಈ ಸಂಖ್ಯೆಗಳನ್ನೆಲ್ಲ ಹೆಕ್ಸ್‌ನಲ್ಲೇ (ಹದಿನಾರರ ಎಣಿಕೆ) ಕೊಟ್ಟಿದ್ದೇನೆ.

## ಮೊದಲು ಜೋಡಿಸಿಕೊಳ್ಳಬೇಕಾದ ಸಾಮಾನು

ಲಿನಕ್ಸ್ ಓಡುವ, ಐ2ಸಿ (ಚಿಪ್‌ಗಳು ಮಾತಾಡುವ ಎರಡು ವೈರ್‌ನ ಬಸ್) ಪಿನ್ ಇರುವ ಒಂದು ಬೋರ್ಡ್ ಬೇಕು. ರಾಸ್ಪ್‌ಬೆರಿ ಪೈ ಸಾಕು. ಅದರ ಕರ್ನಲ್ ಸೋರ್ಸ್, ಕಂಪೈಲರ್, ಡಿವೈಸ್ ಟ್ರೀ (ಬೋರ್ಡ್‌ನಲ್ಲಿ ಯಾವ ಹಾರ್ಡ್‌ವೇರ್ ಇದೆ ಅಂತ ಕರ್ನಲ್‌ಗೆ ಹೇಳುವ ಕಡತ) ಕಂಪೈಲರ್, ಐ2ಸಿ ಟೂಲ್ಸ್ ಪ್ಯಾಕೇಜ್, ಪ್ರತಿ ಚಿಪ್‌ನ ಡೇಟಾಶೀಟ್, ನಾಲ್ಕಾರು ಜಂಪರ್ ವೈರ್ ಇರಲಿ.

ಎಲ್ಲಕ್ಕಿಂತ ಮುಖ್ಯವಾಗಿ, ಕನಿಷ್ಠ ಎರಡು ಬೇರೆ ಬೇರೆ ವೇರಿಯಂಟ್ ಕೈಯಲ್ಲಿರಲಿ. ಒಂದನ್ನೇ ಇಟ್ಟುಕೊಂಡು ಎರಡಕ್ಕೆ ಕೋಡ್ ಬರೆದರೆ ಅದು ಊಹೆ, ಡ್ರೈವರ್ ಅಲ್ಲ. ಬೆಂಗಳೂರಿನಲ್ಲಿ ಇದಕ್ಕೆ ನೆಪ ಹೇಳುವ ಹಾಗೂ ಇಲ್ಲ. ಎಸ್‌ಪಿ ರೋಡ್‌ಗೆ ಒಂದು ಮಧ್ಯಾಹ್ನ ಹೋದರೆ ಈ ಸೆನ್ಸರ್ ಬೋರ್ಡ್‌ಗಳು ಸಿಗುತ್ತವೆ.

ಒಂದು ಎಚ್ಚರಿಕೆ. ಬಿಎಂಪಿ280 ಚಿಪ್‌ಗೆ ಕೊಡಬಹುದಾದ ವೋಲ್ಟೇಜ್ 3.6 ವರೆಗೆ ಮಾತ್ರ. ಕೆಲವು ಸೆನ್ಸರ್ ಬೋರ್ಡ್‌ಗಳಲ್ಲಿ ರೆಗ್ಯುಲೇಟರ್ ಇರುತ್ತದೆ, ಕೆಲವದರಲ್ಲಿ ಇರುವುದಿಲ್ಲ. ನೋಡದೆ 5 ವೋಲ್ಟ್ ಕೊಡಬೇಡಿ.

## ಹಂತ 1: ಕೋಡ್ ಬರೆಯುವ ಮುಂಚೆ ಚಿಪ್ ಅನ್ನು ಕೈಯಿಂದ ಓದಿ

ಸೆನ್ಸರ್ ಜೋಡಿಸಿ. ಐ2ಸಿ ಡಿಟೆಕ್ಟ್ ಓಡಿಸಿ. ಬಿಎಂಪಿ280, ಬಿಎಂಇ280 ಆದರೆ ವಿಳಾಸ 76 ಅಥವಾ 77 ಅಂತ ಕಾಣಬೇಕು. ಎಸ್‌ಡಿಒ ಪಿನ್ ಗ್ರೌಂಡ್‌ಗೆ ಹೋಗಿದ್ದರೆ 76, ಮೇಲಕ್ಕೆ ಎಳೆದಿದ್ದರೆ 77. ಸಂಖ್ಯೆಯ ಬದಲು 'ಯುಯು' ಕಂಡರೆ ಯಾವುದೋ ಕರ್ನಲ್ ಡ್ರೈವರ್ ಆಗಲೇ ಆ ವಿಳಾಸವನ್ನು ಹಿಡಿದುಕೊಂಡಿದೆ ಅಂತ ಅರ್ಥ. ಮೊದಲು ಅದನ್ನು ಇಳಿಸಿ.

ಈಗ ಐ2ಸಿ ಗೆಟ್‌ನಿಂದ ರಿಜಿಸ್ಟರ್ ಡಿ0 ಓದಿ. ಬಿಎಂಪಿ180 ಆದರೆ 55 ಬರುತ್ತದೆ, ಬಿಎಂಪಿ280 ಆದರೆ 58, ಬಿಎಂಇ280 ಆದರೆ 60.

ಈ ಹಂತ ಬಿಡಬೇಡಿ ಅಂತ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಾನು ಒಮ್ಮೆ ಒಂದೇ ಅಂಗಡಿಯಿಂದ ಬಿಎಂಇ280 ಅಂತ ಚೀಟಿ ಇದ್ದ ಎರಡು ಸೆನ್ಸರ್ ಬೋರ್ಡ್ ತಂದೆ. ನೇರಳೆ ಬಣ್ಣ, ಒಂದೇ ಅಳತೆ, ಒಂದೇ ಅಚ್ಚು. ಒಂದು 60 ಅಂತ ಹೇಳಿತು, ಇನ್ನೊಂದು 58. ಅಂದರೆ ಎರಡನೆಯದು ಬಿಎಂಪಿ280, ಅದರಲ್ಲಿ ತೇವಾಂಶ ಅಳೆಯುವ ಭಾಗವೇ ಇಲ್ಲ. ಆಮೇಲೆ ಭೂತಗನ್ನಡಿ ಹಿಡಿದು ನೋಡಿದರೆ ಕಣ್ಣಿಗೂ ಕಾಣುತ್ತಿತ್ತು. ಬಿಎಂಇ280ದ ಲೋಹದ ಮುಚ್ಚಳ 2.5 ಮಿಲಿಮೀಟರ್‌ನ ಚೌಕ, ಬಿಎಂಪಿ280ದ್ದು 2 ಮತ್ತು 2.5ರ ಆಯತ. ಅಂಗಡಿಯವರಿಗೂ ಇದು ಗೊತ್ತಿರಲಿಲ್ಲ, ಅವರಿಗೆ ಬಂದ ಪ್ಯಾಕೆಟ್ ಹಾಗೇ ಇತ್ತು.

ಚೀಟಿ ನಂಬಿ ತೇವಾಂಶದ ಚಾನೆಲ್ ತೆರೆಯುವ ಡ್ರೈವರ್, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ. ಅಂಕಿ ಏನೋ ಒಂದು ಬರುತ್ತದೆ. ಅದಕ್ಕೆ ಅರ್ಥ ಇರುವುದಿಲ್ಲ.

## ಹಂತ 2: ವ್ಯತ್ಯಾಸದ ಪಟ್ಟಿ ಮಾಡಿ

ಹೆಚ್ಚಿನವರು ಸೋಲುವುದು ಇಲ್ಲೇ. ಎರಡು ಡೇಟಾಶೀಟ್ ಪಕ್ಕಪಕ್ಕ ತೆರೆದು, ಎಡಿಟರ್ ಮುಚ್ಚಿ, ಹಾಳೆಯ ಮೇಲೆ ಬರೆಯಿರಿ. ಒಂದು ಇಡೀ ದಿನ ಹೋದರೂ ಪರವಾಗಿಲ್ಲ. ಈ ಪಟ್ಟಿಯೇ ಮುಂದೆ ಸ್ಟ್ರಕ್ಟ್ ಆಗುತ್ತದೆ.

ಬರೆಯುವಾಗ ಪ್ರತಿ ವ್ಯತ್ಯಾಸವೂ ಯಾವ ಜಾತಿಯದು ಅಂತ ಗುರುತು ಹಾಕಿ. ನನ್ನ ಅನುಭವದಲ್ಲಿ ಮೂರು ಜಾತಿ ಇವೆ. ಒಂದೊಂದಕ್ಕೂ ಕೋಡ್‌ನಲ್ಲಿ ಬೇರೆ ಬೇರೆ ಜಾಗ.

ಮೊದಲನೆಯದು ಬೆಲೆಯ ವ್ಯತ್ಯಾಸ. ಮಾಡುವ ಕೆಲಸ ಒಂದೇ, ಸಂಖ್ಯೆ ಮಾತ್ರ ಬೇರೆ. ಗುರುತಿನ ರಿಜಿಸ್ಟರ್ ಬಿಎಂಪಿ180, ಬಿಎಂಪಿ280, ಬಿಎಂಇ280 ಮೂರರಲ್ಲೂ ಡಿ0. ಬಿಎಂಪಿ380ರಲ್ಲಿ 00, ಬಿಎಂಪಿ580ರಲ್ಲಿ 01. ಪವರ್ ಕೊಟ್ಟ ಮೇಲೆ ಎಷ್ಟು ಕಾಯಬೇಕು, ಯಾವ ಬಿಟ್ ಮಾಸ್ಕ್, ಎಷ್ಟು ಓವರ್‌ಸ್ಯಾಂಪ್ಲಿಂಗ್ (ಒಂದು ಅಳತೆಗೆ ಹಲವು ಸಲ ಓದುವುದು) ಬೆಲೆಗಳಿವೆ ಎನ್ನುವುದೆಲ್ಲ ಇದೇ ಜಾತಿ. ಇವು ಟೇಬಲ್‌ನ ಸಾದಾ ಫೀಲ್ಡ್‌ಗಳಾಗುತ್ತವೆ.

ಎರಡನೆಯದು ಇದೆ-ಇಲ್ಲದ ವ್ಯತ್ಯಾಸ. ಬಿಎಂಇ280ರಲ್ಲಿ ತೇವಾಂಶ ಇದೆ, ಬಿಎಂಪಿ280ರಲ್ಲಿ ಇಲ್ಲ. ಇದಕ್ಕೆ ಚಾನೆಲ್‌ಗಳ ಪಟ್ಟಿ ಮತ್ತು ಅದರ ಉದ್ದ ಸಾಕು. ಒಂದಕ್ಕೆ 2 ಚಾನೆಲ್, ಇನ್ನೊಂದಕ್ಕೆ 3. ಪಟ್ಟಿಯಿಂದ ಹೇಳಲಾಗದ್ದಕ್ಕೆ ಮಾತ್ರ ಒಂದು ಫ್ಲ್ಯಾಗ್ ಬಿಟ್ ಇಡಿ. ಫ್ಲ್ಯಾಗ್‌ನ ಹೆಸರು ಸಾಮರ್ಥ್ಯದ ಹೆಸರಾಗಿರಬೇಕು, ಚಿಪ್‌ನ ಹೆಸರಲ್ಲ. 'ತೇವಾಂಶ ಇದೆ' ಸರಿ. 'ಇದು ಬಿಎಂಇ280' ತಪ್ಪು. ನಾಳೆ ತೇವಾಂಶ ಅಳೆಯುವ ಇನ್ನೊಂದು ಚಿಪ್ ಬಂದಾಗ ಆ ಎರಡನೇ ಹೆಸರು ಸುಳ್ಳು ಹೇಳಲು ಶುರು ಮಾಡುತ್ತದೆ.

ಮೂರನೆಯದು ಕ್ರಮದ ವ್ಯತ್ಯಾಸ. ಮಾಡಬೇಕಾದ ಕೆಲಸವೇ ಬೇರೆ. ಬಿಎಂಪಿ180ರಲ್ಲಿ ಮೊದಲು ತಾಪಮಾನ ಅಳೆ ಅಂತ ಆಜ್ಞೆ ಬರೆಯಬೇಕು, ಕಾಯಬೇಕು, ಓದಬೇಕು. ಆಮೇಲೆ ಒತ್ತಡಕ್ಕೆ ಇನ್ನೊಂದು ಆಜ್ಞೆ, ಮತ್ತೆ ಕಾಯಬೇಕು. ಬಿಎಂಪಿ280ರಲ್ಲಿ ಒಂದೇ ಅಳತೆ, ಎಫ್7ರಿಂದ ಎಫ್‌ಸಿ ತನಕ ಆರು ಬೈಟ್ ಒಟ್ಟಿಗೆ ಓದಿದರೆ ಎರಡೂ ಸಿಗುತ್ತವೆ. ಬಿಎಂಪಿ580 ಇನ್ನೂ ಮುಂದೆ ಹೋಗಿ ಲೆಕ್ಕವನ್ನೂ ತಾನೇ ಮಾಡಿ ಕೊಡುತ್ತದೆ. ಡ್ರೈವರ್ ಕ್ಯಾಲಿಬ್ರೇಶನ್ (ಚಿಪ್‌ನಲ್ಲೇ ಬರೆದಿಟ್ಟ ತಿದ್ದುಪಡಿಯ ಗುಣಕಗಳು) ಓದುವ ಅಗತ್ಯವೇ ಇಲ್ಲ. ಇಂಥದ್ದಕ್ಕೆ ಫಂಕ್ಷನ್ ಪಾಯಿಂಟರ್ ಬೇಕು.

ಕಣ್ಣು ತಪ್ಪಿಸಿಕೊಳ್ಳುವ ಎರಡು ವ್ಯತ್ಯಾಸಗಳನ್ನು ವಿಶೇಷವಾಗಿ ಹುಡುಕಿ. ಒಂದು ಬೈಟ್‌ಗಳ ಕ್ರಮ. ಬಿಎಂಪಿ180ದ ಕ್ಯಾಲಿಬ್ರೇಶನ್‌ನಲ್ಲಿ ದೊಡ್ಡ ಬೈಟ್ ಮೊದಲು, ಬಿಎಂಪಿ280ರಲ್ಲಿ ಚಿಕ್ಕ ಬೈಟ್ ಮೊದಲು. ಎರಡನ್ನೂ ಒಂದೇ ಫಂಕ್ಷನ್‌ನಿಂದ ಓದಿದರೆ ಎರರ್ ಬರುವುದಿಲ್ಲ, ಉತ್ತರ ಮಾತ್ರ ತಪ್ಪು ಬರುತ್ತದೆ. ಇನ್ನೊಂದು ಬರೆಯುವ ಕ್ರಮ. ಬಿಎಂಇ280ರಲ್ಲಿ ತೇವಾಂಶದ ಸೆಟ್ಟಿಂಗ್ ಎಫ್2 ರಿಜಿಸ್ಟರ್‌ನಲ್ಲಿದೆ. ಅಲ್ಲಿ ಬರೆದದ್ದು ಜಾರಿಗೆ ಬರುವುದು ಆಮೇಲೆ ಎಫ್4ಕ್ಕೆ ಬರೆದಾಗ ಮಾತ್ರ. ಎಫ್4 ಮೊದಲು, ಎಫ್2 ಆಮೇಲೆ ಬರೆದರೆ ನೀವು ಕೊಟ್ಟ ಸೆಟ್ಟಿಂಗ್ ಚಿಪ್‌ಗೆ ಮುಟ್ಟುವುದೇ ಇಲ್ಲ.

## ಹಂತ 3: ಯಾರು ಹೇಳುತ್ತಾರೆ ಎಂದು ತೀರ್ಮಾನಿಸಿ

ಚಿಪ್ ಯಾವುದು ಅಂತ ಡ್ರೈವರ್‌ಗೆ ಹೇಳಲು ಇಬ್ಬರಿದ್ದಾರೆ: ಡಿವೈಸ್ ಟ್ರೀ ಮತ್ತು ಸ್ವತಃ ಚಿಪ್. ಚಿಪ್ ತಾನೇ ಹೇಳುತ್ತದಲ್ವಾ, ಡಿವೈಸ್ ಟ್ರೀ ಯಾಕೆ ಅಂತ ಅನ್ನಿಸಬಹುದು. ಇಲ್ಲಿ ಒಂದು ಗುಂಡಿ ಇದೆ. ಬಿಎಂಇ280ದ ಗುರುತು 60, ಬಿಎಂಪಿ390ದ ಗುರುತೂ 60. ಬಿಎಂಪಿ380ರದು 50, ಬಿಎಂಪಿ580ರದೂ 50. ಅವು ಇರುವ ರಿಜಿಸ್ಟರ್ ಮಾತ್ರ ಬೇರೆ ಬೇರೆ. ಯಾವ ರಿಜಿಸ್ಟರ್ ಓದಬೇಕು ಅಂತ ತಿಳಿಯಲು ಚಿಪ್‌ನ ಕುಟುಂಬ ಮೊದಲೇ ಗೊತ್ತಿರಬೇಕು. ಆದ್ದರಿಂದ ಡಿವೈಸ್ ಟ್ರೀ ಹೇಳಲಿ, ಚಿಪ್ ಅದನ್ನು ಖಚಿತ ಮಾಡಲಿ.

ಡಿವೈಸ್ ಟ್ರೀಯ ಕಂಪ್ಯಾಟಿಬಲ್ ಸಾಲಿನಲ್ಲಿ ಪ್ರತಿ ಚಿಪ್‌ಗೂ ಪೂರ್ತಿ ಹೆಸರು ಕೊಡಿ. '28ಎಕ್ಸ್' ಅಂತ ಗುಂಪಿನ ಹೆಸರು ಬರೆಯಬೇಡಿ. ಹೊಸ ಚಿಪ್ ಹಳೆಯದರ ಹಾಗೇ ಪೂರ್ತಿ ನಡೆದುಕೊಂಡರೆ ಎರಡು ಹೆಸರು ಬರೆಯಿರಿ, ಹೊಸದು ಮೊದಲು, ಹಳೆಯದು ಆಮೇಲೆ. ಹೊಸ ಹೆಸರು ಗೊತ್ತಿಲ್ಲದ ಕರ್ನಲ್ ಕೂಡ ಹಳೇ ಹೆಸರಿನಿಂದ ಚಿಪ್ ನಡೆಸುತ್ತದೆ. ಈ ಹೆಸರುಗಳನ್ನು ಬೈಂಡಿಂಗ್‌ನ (ಡಿವೈಸ್ ಟ್ರೀಯಲ್ಲಿ ಏನು ಬರೆಯಬಹುದು ಅನ್ನುವ ನಿಯಮ) ಯಾಮಲ್ ಕಡತಕ್ಕೆ ಸೇರಿಸಿ, ಕರ್ನಲ್‌ನ ಬೈಂಡಿಂಗ್ ಚೆಕ್ ಓಡಿಸಿ.

ಪಿಸಿಐ ಕಾರ್ಡ್ ಆದರೆ ಬೇರೆ ಕಥೆ. ಅಲ್ಲಿ ವೆಂಡರ್ ಮತ್ತು ಡಿವೈಸ್ ಸಂಖ್ಯೆ ಬಸ್‌ನಲ್ಲೇ ಸಿಗುತ್ತವೆ. ಆದರೆ ರಿವಿಷನ್ ಸಂಖ್ಯೆ ಮ್ಯಾಚ್ ಟೇಬಲ್‌ನಲ್ಲಿ (ಈ ಡ್ರೈವರ್ ಯಾವ ಚಿಪ್‌ಗಳಿಗೆ ಅಂತ ಹೇಳುವ ಪಟ್ಟಿ) ಇರುವುದಿಲ್ಲ, ಪ್ರೋಬ್‌ನಲ್ಲಿ ನೀವೇ ನೋಡಬೇಕು. ರಿಯಲ್‌ಟೆಕ್ ನೆಟ್‌ವರ್ಕ್ ಕಾರ್ಡ್‌ಗಳ ಆರ್8169 ಡ್ರೈವರ್ ಇದಕ್ಕೂ ಮುಂದೆ ಹೋಗಿ, ಚಿಪ್‌ನ ಒಳಗಿನ ರಿಜಿಸ್ಟರ್ ಓದಿ ಯಾವ ಆವೃತ್ತಿ ಅಂತ ಪತ್ತೆ ಮಾಡುತ್ತದೆ.

## ಹಂತ 4: ಚಿಪ್‌ನ ವಿವರ ಬೇರೆ, ಸಾಧನದ ಸ್ಥಿತಿ ಬೇರೆ

ಈಗ ಎಡಿಟರ್ ತೆರೆಯಿರಿ. ಎರಡು ಸ್ಟ್ರಕ್ಟ್ ಬರೆಯಿರಿ.

ಮೊದಲನೆಯದು ಚಿಪ್ ಇನ್ಫೋ. ಹೆಸರು, ಗುರುತಿನ ರಿಜಿಸ್ಟರ್, ಒಪ್ಪುವ ಗುರುತುಗಳ ಪಟ್ಟಿ, ಕಾಯುವ ಸಮಯ, ಚಾನೆಲ್ ಪಟ್ಟಿ, ರೆಜ್‌ಮ್ಯಾಪ್ (ರಿಜಿಸ್ಟರ್ ಓದಿ ಬರೆಯಲು ಕರ್ನಲ್ ಕೊಡುವ ಪದರ) ಸೆಟ್ಟಿಂಗ್, ಮತ್ತು ಕ್ರಮದ ವ್ಯತ್ಯಾಸಗಳಿಗೆ ಫಂಕ್ಷನ್ ಪಾಯಿಂಟರ್‌ಗಳು. ಪ್ರತಿ ವೇರಿಯಂಟ್‌ಗೂ ಇದರ ಒಂದು ಪ್ರತಿ. ಎಲ್ಲವೂ ಸ್ಟ್ಯಾಟಿಕ್, ಎಲ್ಲವೂ ಕಾನ್ಸ್ಟ್.

ಎರಡನೆಯದು ಸಾಧನದ ಸ್ಥಿತಿ. ಲಾಕ್, ಓದಿಕೊಂಡ ಕ್ಯಾಲಿಬ್ರೇಶನ್, ಈಗಿನ ಓವರ್‌ಸ್ಯಾಂಪ್ಲಿಂಗ್, ಮತ್ತು ಚಿಪ್ ಇನ್ಫೋ ಕಡೆಗೆ ಒಂದು ಪಾಯಿಂಟರ್. ಪ್ರತಿ ಸಾಧನಕ್ಕೂ ಪ್ರೋಬ್‌ನಲ್ಲಿ ಹೊಸದಾಗಿ ಇದರ ಮೆಮೊರಿ ತೆಗೆಯಬೇಕು.

ಈ ಗೆರೆ ದಾಟಿದರೆ ಏನಾಗುತ್ತದೆ ಅಂತ ನಾನು ಕಷ್ಟಪಟ್ಟು ಕಲಿತಿದ್ದೇನೆ. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಒಂದು ಪೆಟ್ಟಿಗೆಯಲ್ಲಿ ಎರಡು ಸೆನ್ಸರ್ ಇದ್ದವು. ಒಳಗಿನದು ಬಿಎಂಪಿ280, ವಿಳಾಸ 76. ಹೊರಗಿನದು ಬಿಎಂಇ280, ವಿಳಾಸ 77. ನಾನು ಬರೆದ ಡ್ರೈವರ್‌ನಲ್ಲಿ ಓದುವ ಫಂಕ್ಷನ್‌ಗಳ ಟೇಬಲ್ ಒಂದೇ ಇತ್ತು. ಪ್ರೋಬ್ ನಡೆಯುವಾಗ ಅದರಲ್ಲಿ ತೇವಾಂಶದ ಫಂಕ್ಷನ್ ತುಂಬಿಸುತ್ತಿದ್ದೆ, ಇಲ್ಲದಿದ್ದರೆ ಖಾಲಿ ಬಿಡುತ್ತಿದ್ದೆ. ಒಂದೇ ಸೆನ್ಸರ್ ಹಾಕಿ ನೋಡಿದಾಗ ಎಲ್ಲ ಸರಿ. ಎರಡೂ ಹಾಕಿದಾಗ ಕಡೆಗೆ ಪ್ರೋಬ್ ಆದದ್ದು ಇಬ್ಬರಿಗೂ ಸೇರಿ ಬರೆದುಬಿಡುತ್ತಿತ್ತು. 77 ಕೊನೆಗೆ ಬಂದ ದಿನ ಹೊರಗಿನ ತೇವಾಂಶ ಸರಿ. 76 ಕೊನೆಗೆ ಬಂದ ದಿನ ತೇವಾಂಶ ಓದಿದ ತಕ್ಷಣ ಕರ್ನಲ್ ಊಪ್ಸ್, ಅಂದರೆ ಕರ್ನಲ್ ಒಳಗೇ ಎಡವಿತು. ಬೂಟ್‌ನಿಂದ ಬೂಟ್‌ಗೆ ಕ್ರಮ ಬದಲಾಗುತ್ತಿದ್ದರಿಂದ ಮೂರು ದಿನ ವೈರಿಂಗ್ ಅನುಮಾನಿಸಿ ಕಳೆದೆವು. ಆ ಟೇಬಲ್ ಮುಂದೆ 'ಕಾನ್ಸ್ಟ್' ಎಂಬ ಒಂದು ಪದ ಇದ್ದಿದ್ದರೆ ಕಂಪೈಲರ್ ಮೊದಲ ದಿನವೇ ತಡೆಯುತ್ತಿತ್ತು.

ಆದ್ದರಿಂದ ನಿಯಮ ಇಷ್ಟು. ಚಿಪ್ ಇನ್ಫೋಗೆ ಪ್ರೋಬ್‌ನಲ್ಲಿ ಏನಾದರೂ ಬರೆಯಬೇಕು ಅನ್ನಿಸಿದರೆ, ಅದು ಅಲ್ಲಿಗೆ ಸೇರಿದ್ದಲ್ಲ. ಸ್ಥಿತಿಗೆ ಸೇರಿಸಿ.

ಫಂಕ್ಷನ್ ಪಾಯಿಂಟರ್ ಎಷ್ಟಿರಬೇಕು? ಕಮ್ಮಿ ಇರಲಿ. ಈ ಉದಾಹರಣೆಯಲ್ಲಿ ಸೆಟ್ಟಿಂಗ್ ಬರೆಯುವುದು, ಕ್ಯಾಲಿಬ್ರೇಶನ್ ಓದುವುದು, ತಾಪಮಾನ, ಒತ್ತಡ, ತೇವಾಂಶ ಓದುವುದು ಅಷ್ಟೇ. ಎರಡು ವೇರಿಯಂಟ್‌ಗೆ ಒಂದೇ ಫಂಕ್ಷನ್ ಆಗುವುದಾದರೆ ಎರಡರ ಟೇಬಲ್‌ನಲ್ಲೂ ಅದನ್ನೇ ಹಾಕಿ. ಬಿಎಂಇ280 ತಾಪಮಾನ ಓದಲು ಬಿಎಂಪಿ280ರ ಫಂಕ್ಷನ್ ಸಾಕು. ಹೆಸರು ಬೇರೆ ಅಂತ ನಕಲು ಮಾಡಬೇಡಿ.

## ಹಂತ 5: ಪ್ರೋಬ್‌ನ ಒಳಗಿನ ಕ್ರಮ

ಇಲ್ಲಿ ಹಿಂದೆ ಮುಂದೆ ಆದರೆ ಕೆಲವು ಬೋರ್ಡ್‌ನಲ್ಲಿ ನಡೆಯುತ್ತದೆ, ಕೆಲವದರಲ್ಲಿ ಇಲ್ಲ. ಈ ಕ್ರಮ ಹಿಡಿಯಿರಿ:

1. ಮ್ಯಾಚ್ ಡೇಟಾ (ಮ್ಯಾಚ್ ಟೇಬಲ್‌ನಲ್ಲಿ ಚಿಪ್‌ನ ಹೆಸರಿನ ಜೊತೆ ಇಟ್ಟ ಚಿಪ್ ಇನ್ಫೋ ಪಾಯಿಂಟರ್) ತೆಗೆದುಕೊಳ್ಳಿ. ಖಾಲಿ ಬಂದರೆ ಅಲ್ಲೇ ಎರರ್ ಕೊಟ್ಟು ಹೊರಡಿ.
2. ಪವರ್ ಆನ್ ಮಾಡಿ, ಟೇಬಲ್ ಹೇಳಿದಷ್ಟು ಹೊತ್ತು ಕಾಯಿರಿ. ಬಿಎಂಪಿ280ಕ್ಕೆ ಡೇಟಾಶೀಟ್ 2 ಮಿಲಿಸೆಕೆಂಡ್ ಕೇಳುತ್ತದೆ.
3. ಗುರುತು ಓದಿ, ಟೇಬಲ್‌ನ ಪಟ್ಟಿಗೆ ಹೋಲಿಸಿ.
4. ರೀಸೆಟ್ ಮಾಡಿ. ಬಿಎಂಪಿ280ರಲ್ಲಿ ಇ0 ರಿಜಿಸ್ಟರ್‌ಗೆ ಬಿ6 ಬರೆಯಬೇಕು.
5. ಕ್ಯಾಲಿಬ್ರೇಶನ್ ಓದಿ, ಸೆಟ್ಟಿಂಗ್ ಬರೆಯಿರಿ.
6. ಎಲ್ಲ ಸಿದ್ಧವಾದ ಮೇಲೆ, ಕಟ್ಟಕಡೆಗೆ, ಸಾಧನವನ್ನು ರಿಜಿಸ್ಟರ್ ಮಾಡಿ.

ಆರನೆಯದನ್ನು ಮೇಲಕ್ಕೆ ತಂದರೆ, ಕ್ಯಾಲಿಬ್ರೇಶನ್ ಇನ್ನೂ ಬಾರದಿರುವಾಗಲೇ ಯಾವುದೋ ಪ್ರೋಗ್ರಾಂ ಬಂದು ಓದಲು ಶುರು ಮಾಡುತ್ತದೆ.

ಮೊದಲನೆಯ ಹೆಜ್ಜೆಯಲ್ಲಿ ಎರಡು ಕಡೆ ಎಡವುತ್ತಾರೆ. ಒಂದು, ಡಿವೈಸ್ ಟ್ರೀಯ ಟೇಬಲ್‌ಗೆ ಮಾತ್ರ ಡೇಟಾ ತುಂಬಿ, ಐ2ಸಿ ಐಡಿ ಟೇಬಲ್ ಖಾಲಿ ಬಿಡುವುದು. ಯಾರಾದರೂ ಸಿಸ್‌ಎಫ್‌ಎಸ್‌ನ (ಕರ್ನಲ್ ತನ್ನ ಸಾಧನಗಳನ್ನು ಕಡತಗಳ ಹಾಗೆ ತೋರಿಸುವ ಜಾಗ) 'ನ್ಯೂ ಡಿವೈಸ್' ಮೂಲಕ ಸೆನ್ಸರ್ ಸೇರಿಸಿದಾಗ ಡಿವೈಸ್ ಟ್ರೀ ಇರುವುದಿಲ್ಲ. ಡೇಟಾ ಖಾಲಿ ಬರುತ್ತದೆ, ಕರ್ನಲ್ ಬೀಳುತ್ತದೆ. ಎರಡೂ ಟೇಬಲ್‌ನಲ್ಲಿ ಒಂದೇ ಪಾಯಿಂಟರ್ ಇಡಿ, 'ಐ2ಸಿ ಗೆಟ್ ಮ್ಯಾಚ್ ಡೇಟಾ' ಬಳಸಿ. ಅದು ಎರಡರಲ್ಲೂ ಹುಡುಕುತ್ತದೆ. ಎಸ್‌ಪಿಐಗೂ (ಚಿಪ್ ಜೋಡಿಸುವ ಇನ್ನೊಂದು ಬಸ್) ಇಂಥದ್ದೇ ಒಂದಿದೆ.

ಎರಡು, ಡೇಟಾ ಜಾಗದಲ್ಲಿ ಪಾಯಿಂಟರ್ ಬದಲು ಈನಮ್ ಸಂಖ್ಯೆ ಇಡುವುದು. ಈನಮ್ ಸೊನ್ನೆಯಿಂದ ಶುರುವಾಗುತ್ತದೆ. ಸೊನ್ನೆ ಅಂದರೆ ಮೊದಲ ಚಿಪ್ಪೋ, ಏನೂ ಸಿಗಲಿಲ್ಲ ಅಂತಲೋ? ಬೇರೆ ಮಾಡಲು ದಾರಿಯೇ ಇಲ್ಲ. ಅಷ್ಟೇ ಅಲ್ಲ, ಕೈಯಲ್ಲಿ ಈನಮ್ ಇದ್ದರೆ ಮುಂದೆ ಎಲ್ಲ ಕಡೆ ಸ್ವಿಚ್ ಬರೆಯುವ ಆಸೆ ತಾನಾಗಿ ಬರುತ್ತದೆ.

ಗುರುತು ತಾಳೆಯಾಗದಿದ್ದರೆ ಏನು ಮಾಡಬೇಕು? ಓದುವುದೇ ಸೋತರೆ ನಿಲ್ಲಿಸಿ. ಓದಲು ಆಯಿತು, ಆದರೆ ಹಿಂದೆ ಕಂಡಿರದ ಗುರುತು ಅಂದರೆ ಲಾಗ್‌ನಲ್ಲಿ ಎಚ್ಚರಿಕೆ ಬರೆದು ಮುಂದುವರಿಯಿರಿ. ಐಐಒ ಸಬ್‌ಸಿಸ್ಟಂನ (ಕರ್ನಲ್‌ನಲ್ಲಿ ಇಂಥ ಸೆನ್ಸರ್ ಡ್ರೈವರ್‌ಗಳ ವಿಭಾಗ) ರೂಢಿಯೂ ಇದೇ. ಹಾಗೆ ಮಾಡದಿದ್ದರೆ ಹಂತ 3ರಲ್ಲಿ ಹೇಳಿದ ಹಳೇ ಹೆಸರಿನ ಉಪಾಯ ಕೆಲಸ ಮಾಡುವುದೇ ಇಲ್ಲ, ಹೊಸ ಚಿಪ್‌ನ ಗುರುತು ಹೊಸದೇ ಆಗಿರುತ್ತದಲ್ವಾ? ಆದರೆ ನಿಮ್ಮದೇ ಉತ್ಪನ್ನದ ಡ್ರೈವರ್ ಆದರೆ ನಾನು ಇನ್ನೊಂದು ಸಾಲು ಸೇರಿಸುತ್ತೇನೆ. ಬಿಎಂಇ280 ಅಂತ ಡಿವೈಸ್ ಟ್ರೀ ಹೇಳಿ, ಚಿಪ್ 58 ಅಂದರೆ, ಅದು ಅಪರಿಚಿತ ಗುರುತಲ್ಲ. ಇನ್ನೊಂದು ಚಿಪ್‌ನದು ಅಂತ ನಿಮಗೆ ಗೊತ್ತು. ಅಲ್ಲಿ ನಿಲ್ಲಿಸಿ, ಯಾವುದು ಬೇಕಿತ್ತು, ಯಾವುದು ಸಿಕ್ಕಿತು ಎರಡನ್ನೂ ಲಾಗ್‌ನಲ್ಲಿ ಬರೆಯಿರಿ. ಕಾರ್ಖಾನೆಯಲ್ಲಿ ತಪ್ಪು ಚಿಪ್ ಕೂತಿದ್ದರೆ ಗ್ರಾಹಕರ ಮನೆಗೆ ಹೋಗುವ ಮುಂಚೆ ತಿಳಿಯುತ್ತದೆ.

ಕರ್ನಲ್ ಮಾಡ್ಯೂಲ್ ತಾನಾಗಿ ಲೋಡ್ ಆಗದಿದ್ದರೆ 'ಮಾಡ್ಯೂಲ್ ಡಿವೈಸ್ ಟೇಬಲ್' ಸಾಲು ಮರೆತಿದ್ದೀರಾ ನೋಡಿ. ಕೈಯಿಂದ ಲೋಡ್ ಮಾಡಿಯೇ ಪರೀಕ್ಷೆ ಮಾಡುವವರಿಗೆ ಇದು ಕಾಣುವುದೇ ಇಲ್ಲ.

## ಹಂತ 6: ಬಸ್ ಅನ್ನು ಚಿಪ್‌ನಿಂದ ಬೇರೆ ಮಾಡಿ

ಬಿಎಂಪಿ280 ಐ2ಸಿಯಲ್ಲೂ ಕೂರುತ್ತದೆ, ಎಸ್‌ಪಿಐನಲ್ಲೂ ಕೂರುತ್ತದೆ. ವೇರಿಯಂಟ್ ಐದು, ಬಸ್ ಎರಡು ಅಂತ ಹತ್ತು ದಾರಿ ಬರೆಯಬೇಡಿ. ಮೂರು ಕಡತ ಸಾಕು: ಕೋರ್, ಐ2ಸಿ, ಎಸ್‌ಪಿಐ. ಬಸ್ ಕಡತದ ಕೆಲಸ ರೆಜ್‌ಮ್ಯಾಪ್ ಕಟ್ಟಿ ಕೋರ್‌ಗೆ ಕೊಡುವುದು ಮಾತ್ರ. ಎಸ್‌ಪಿಐನಲ್ಲಿ ವಿಳಾಸದ ಮೇಲಿನ ಬಿಟ್ ಓದುವುದೋ ಬರೆಯುವುದೋ ಅಂತ ಹೇಳುತ್ತದೆ. ಅಂಥ ವಿಷಯ ಕೋರ್‌ಗೆ ಗೊತ್ತೇ ಆಗಬಾರದು.

ರೆಜ್‌ಮ್ಯಾಪ್‌ನ ಕ್ಯಾಶ್ ಆನ್ ಮಾಡಿದರೆ ಒಂದು ಎಚ್ಚರ. ತಾನಾಗಿ ಬದಲಾಗುವ ರಿಜಿಸ್ಟರ್‌ಗಳನ್ನು ವೋಲಟೈಲ್ ಅಂತ ಪ್ರತಿ ವೇರಿಯಂಟ್‌ಗೂ ಬೇರೆಯಾಗಿ ಹೇಳಬೇಕು. ಬಿಎಂಪಿ280ಕ್ಕೆ ಎಫ್‌ಸಿ ತನಕ ಸಾಕು, ಬಿಎಂಇ280ಕ್ಕೆ ತೇವಾಂಶದ ಎಫ್‌ಡಿ, ಎಫ್‌ಇ ಸೇರಬೇಕು. ಮರೆತರೆ ಮೊದಲ ಸಲ ಓದಿದ್ದೇ ಕೊನೆಯವರೆಗೂ ಬರುತ್ತಿರುತ್ತದೆ. ಕಂಡುಹಿಡಿಯುವುದು ಸುಲಭ. ಸೆನ್ಸರ್ ಮೇಲೆ ಒಮ್ಮೆ ಬಾಯಿಂದ ಬಿಸಿ ಉಸಿರು ಬಿಡಿ. ತೇವಾಂಶ ಜಿಗಿಯಬೇಕು, ತಾಪಮಾನ ನಿಧಾನ ಏರಬೇಕು. ಕೊನೆಯ ಅಂಕಿ ಕೂಡ ಅಲುಗದಿದ್ದರೆ ನೀವು ಓದುತ್ತಿರುವುದು ಚಿಪ್ ಅಲ್ಲ, ಕ್ಯಾಶ್.

## ಹಂತ 7: ಪ್ಯಾಚ್‌ಗಳನ್ನು ಬಿಡಿಸಿ

ಹಳೇ ಡ್ರೈವರ್‌ಗೆ ಹೊಸ ಚಿಪ್ ಸೇರಿಸುವುದಾದರೆ ಎಲ್ಲವನ್ನೂ ಒಂದೇ ಪ್ಯಾಚ್‌ನಲ್ಲಿ ತುರುಕಬೇಡಿ. ಮೊದಲ ಪ್ಯಾಚ್‌ನಲ್ಲಿ ಹಳೇ ಚಿಪ್‌ನ ಸಂಖ್ಯೆಗಳನ್ನು ಟೇಬಲ್‌ಗೆ ಸಾಗಿಸಿ. ಟೇಬಲ್‌ನಲ್ಲಿ ಒಂದೇ ಚಿಪ್, ನಡತೆಯಲ್ಲಿ ಒಂದು ಕೂದಲಷ್ಟೂ ಬದಲಾವಣೆ ಇಲ್ಲ. ಪರೀಕ್ಷೆ ಮಾಡಿ. ಎರಡನೇ ಪ್ಯಾಚ್‌ನಲ್ಲಿ ಬೈಂಡಿಂಗ್. ಮೂರನೆಯದರಲ್ಲಿ ಹೊಸ ಚಿಪ್. ಮುಂದೆ ಏನಾದರೂ ಕೆಟ್ಟರೆ ಗಿಟ್ ಬೈಸೆಕ್ಟ್ (ಯಾವ ಪ್ಯಾಚ್ ಕೆಡಿಸಿತು ಅಂತ ಹುಡುಕುವ ಆಜ್ಞೆ) ನೇರವಾಗಿ ಕೆಟ್ಟ ಜಾಗಕ್ಕೆ ಕರೆದುಕೊಂಡು ಹೋಗುತ್ತದೆ. ಕಳಿಸುವ ಮುಂಚೆ ಚೆಕ್‌ಪ್ಯಾಚ್ (ಬರೆಯುವ ಶೈಲಿ ನೋಡುವ ಸ್ಕ್ರಿಪ್ಟ್) ಮತ್ತು ಸ್ಪಾರ್ಸ್ (ಕೋಡ್ ಓಡಿಸದೆಯೇ ಟೈಪ್ ತಪ್ಪು ಹುಡುಕುವ ಟೂಲ್) ಓಡಿಸಿ. ಬೈಟ್ ಕ್ರಮಕ್ಕೆ ಸರಿಯಾದ ಟೈಪ್ ಬಳಸಿದ್ದರೆ, ಹಂತ 2ರಲ್ಲಿ ಹೇಳಿದ ತಪ್ಪನ್ನು ಸ್ಪಾರ್ಸ್ ಹಿಡಿಯುತ್ತದೆ.

## ಹಂತ 8: ಹಾರ್ಡ್‌ವೇರ್ ಇದ್ದೂ ಪರೀಕ್ಷೆ, ಇಲ್ಲದೆಯೂ ಪರೀಕ್ಷೆ

ಲೆಕ್ಕ ಮಾಡುವ ಫಂಕ್ಷನ್‌ಗಳು ಬಸ್ ಮುಟ್ಟದ ಹಾಗೆ ಬರೆದಿದ್ದರೆ ಅವನ್ನು ಕೆಯುನಿಟ್‌ನಲ್ಲಿ (ಕರ್ನಲ್‌ನ ಯುನಿಟ್ ಟೆಸ್ಟ್ ವ್ಯವಸ್ಥೆ) ಸೆನ್ಸರ್ ಇಲ್ಲದೆಯೇ ಪರೀಕ್ಷಿಸಬಹುದು. ಡೇಟಾಶೀಟ್‌ನಲ್ಲೇ ಮಾದರಿ ಲೆಕ್ಕ ಇದೆ. ಬಿಎಂಪಿ280ಕ್ಕೆ ತಾಪಮಾನದ ಮೂರು ಗುಣಕಗಳು 27504, 26435, -1000, ಓದಿದ ಬೆಲೆ 519888 ಆದರೆ ಉತ್ತರ 25.08 ಡಿಗ್ರಿ ಬರಬೇಕು. ಬಿಎಂಪಿ180ದ ಮಾದರಿಯಲ್ಲಿ 15.0 ಡಿಗ್ರಿ, 69964 ಪಾಸ್ಕಲ್. ಹೊಸ ಚಿಪ್ ಸೇರಿಸಿದಾಗ ಹಳೆಯದರ ಲೆಕ್ಕ ಕೆಟ್ಟರೆ ಇದೇ ಮೊದಲು ಕೂಗುತ್ತದೆ.

ಪ್ರೋಬ್ ಪರೀಕ್ಷೆಗೆ ಕರ್ನಲ್‌ನ ಐ2ಸಿ ಸ್ಟಬ್ ಮಾಡ್ಯೂಲ್ ಬಳಸಿ. ಇಲ್ಲದ ಚಿಪ್ ಇದೆ ಅಂತ ಅದು ತೋರಿಸುತ್ತದೆ. ರಿಜಿಸ್ಟರ್‌ಗಳಿಗೆ ನಿಮಗೆ ಬೇಕಾದ ಬೆಲೆ ತುಂಬಬಹುದು. ಡಿ0ಗೆ 58, ಆಮೇಲೆ 60, ಆಮೇಲೆ ಎಲ್ಲೂ ಇಲ್ಲದ ಒಂದು ಸಂಖ್ಯೆ ಹಾಕಿ ಡ್ರೈವರ್ ಏನು ಮಾಡುತ್ತದೆ ನೋಡಿ. ಅದು ಬರೀ ರಿಜಿಸ್ಟರ್‌ಗಳ ನೆನಪು, ಅಳತೆ ಮಾಡುವುದಿಲ್ಲ ಅನ್ನುವುದು ತಲೆಯಲ್ಲಿರಲಿ.

ನಿಜವಾದ ಸೆನ್ಸರ್ ಬಂದಾಗ ಉತ್ತರ ಸರಿಯೋ ತಪ್ಪೋ ಅಂತ ಹೇಗೆ ತಿಳಿಯುವುದು? ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿ ಗಾಳಿಯೊತ್ತಡ ಸುಮಾರು 910 ಹೆಕ್ಟೋಪಾಸ್ಕಲ್ ಸುತ್ತಮುತ್ತ ಬರಬೇಕು. ಐಐಒ ಒತ್ತಡವನ್ನು ಕಿಲೋಪಾಸ್ಕಲ್‌ನಲ್ಲಿ ಕೊಡುತ್ತದೆ, ಅಂದರೆ 91ರ ಆಸುಪಾಸು. ತಾಪಮಾನ ಮಿಲಿ ಡಿಗ್ರಿಯಲ್ಲಿ, 27 ಡಿಗ್ರಿ ಇದ್ದರೆ 27000. ಮೊಬೈಲ್‌ನ ಹವಾಮಾನ ಆ್ಯಪ್ 1013 ಅಂತ ತೋರಿಸುತ್ತಿದೆ, ನನ್ನ ಡ್ರೈವರ್ ತಪ್ಪು ಅಂತ ಗಾಬರಿಯಾಗಬೇಡಿ. ಅದು ಸಮುದ್ರಮಟ್ಟಕ್ಕೆ ಇಳಿಸಿ ಹೇಳಿದ ಲೆಕ್ಕ. ಬದಲಿಗೆ ನಿಮ್ಮ ಡ್ರೈವರ್ ಇಲ್ಲಿ 1013 ತೋರಿಸಿದರೆ ಅನುಮಾನ ಪಡಿ. ಬೋರ್ಡ್ ಹಿಡಿದುಕೊಂಡು ಮೂರು ಮಹಡಿ ಹತ್ತಿ. ಹತ್ತು ಮೀಟರ್‌ಗೆ ಸುಮಾರು 1 ಹೆಕ್ಟೋಪಾಸ್ಕಲ್ ಇಳಿಯಬೇಕು.

ಕೊನೆಗೆ ಎರಡು ವೇರಿಯಂಟ್‌ಗಳನ್ನೂ ಒಂದೇ ಬಸ್‌ಗೆ ಹಾಕಿ. ಒಂದನ್ನು ಅನ್‌ಬೈಂಡ್ ಮಾಡಿ, ಇನ್ನೊಂದರಿಂದ ಓದುತ್ತಾ ಇರಿ. ಮತ್ತೆ ಬೈಂಡ್ ಮಾಡಿ. ಕ್ರಮ ಅದಲು ಬದಲು ಮಾಡಿ. ನೂರು ಸಲ, ಸ್ಕ್ರಿಪ್ಟ್ ಬರೆದು. ನನ್ನ ಮೂರು ದಿನ ತಿಂದ ತಪ್ಪು ಇಲ್ಲಿ ಎರಡು ನಿಮಿಷದಲ್ಲಿ ಸಿಗುತ್ತಿತ್ತು.

## ಈ ಲಕ್ಷಣ ಕಂಡರೆ ನಿಲ್ಲಿಸಿ

ಪ್ರೋಬ್ ಮತ್ತು ಟೇಬಲ್ ಬಿಟ್ಟು ಬೇರೆಲ್ಲಾದರೂ ಚಿಪ್‌ನ ಹೆಸರು 'ಇಫ್' ಒಳಗೆ ಕಂಡರೆ, ಹಂತ 2ರ ಪಟ್ಟಿಯಲ್ಲಿ ಒಂದು ವ್ಯತ್ಯಾಸ ಬಿಟ್ಟುಹೋಗಿದೆ. ಗ್ರೆಪ್ ಮಾಡಿ ಹುಡುಕಿ, ಅದಕ್ಕೊಂದು ಫೀಲ್ಡ್ ಮಾಡಿ.

ಗುರುತು 'ಇಂತಿಷ್ಟಕ್ಕಿಂತ ದೊಡ್ಡದು' ಅಂತ ಹೋಲಿಸುವ ಸಾಲು ಕಂಡರೆ ತಕ್ಷಣ ತೆಗೆಯಿರಿ. ಗುರುತಿನ ಸಂಖ್ಯೆ ದೊಡ್ಡದಾದರೆ ಚಿಪ್ ಹೊಸದು ಅಂತ ಯಾವ ಡೇಟಾಶೀಟೂ ಹೇಳುವುದಿಲ್ಲ. 2016ಕ್ಕೂ ಹಿಂದಿನ ಬಿಎಂಪಿ180 55 ಅನ್ನುತ್ತದೆ, ಅದಕ್ಕಿಂತ ಹೊಸ ಬಿಎಂಪಿ380 50 ಅನ್ನುತ್ತದೆ.

ಫಂಕ್ಷನ್ ಪಾಯಿಂಟರ್ ಖಾಲಿಯೇ ಅಂತ ಹತ್ತು ಕಡೆ ನೋಡುತ್ತಿದ್ದರೆ, ಏನೂ ಮಾಡದ ಒಂದು ಫಂಕ್ಷನ್ ಬರೆದು ಅಲ್ಲಿ ಹಾಕಿ. ಇಲ್ಲವೇ ಆ ಚಾನೆಲ್ ಅನ್ನೇ ತೆರೆಯಬೇಡಿ.

ಇನ್ನೊಂದು ಲಕ್ಷಣ ಉಲ್ಟಾ ದಿಕ್ಕಿನದು. ಟೇಬಲ್‌ನ ಅರ್ಧಕ್ಕಿಂತ ಜಾಸ್ತಿ ಫೀಲ್ಡ್‌ಗಳನ್ನು ಒಂದೇ ಒಂದು ಚಿಪ್ ಬಳಸುತ್ತಿದ್ದರೆ, ಎರಡು ಚಿಪ್‌ಗಳ ನಡುವೆ ಒಂದು ಫಂಕ್ಷನ್ ಕೂಡ ಹಂಚಿಕೆಯಾಗದಿದ್ದರೆ, ಅವು ವೇರಿಯಂಟ್‌ಗಳಲ್ಲ. ಹೆಸರು ಹತ್ತಿರ ಇದ್ದ ಮಾತ್ರಕ್ಕೆ ಒಂದೇ ಡ್ರೈವರ್‌ನಲ್ಲಿ ಕಟ್ಟಿಹಾಕಬೇಡಿ. ಬೇರೆ ಡ್ರೈವರ್ ಬರೆಯುವುದರಲ್ಲಿ ಸೋಲೇನೂ ಇಲ್ಲ.

ಎಲ್ಲ ಮುಗಿದ ಮೇಲೆ ಮೂರನೇ ವೇರಿಯಂಟ್ ಸೇರಿಸಿ ಗಿಟ್ ಡಿಫ್ ನೋಡಿ. ಅದರಲ್ಲಿ ಒಂದು ಹೊಸ ಚಿಪ್ ಇನ್ಫೋ, ಮ್ಯಾಚ್ ಟೇಬಲ್‌ಗಳಲ್ಲಿ ಒಂದೊಂದು ಸಾಲು, ಬೈಂಡಿಂಗ್‌ನಲ್ಲಿ ಒಂದು ಸಾಲು, ಬೇಕಾದರೆ ಒಂದೆರಡು ಹೊಸ ಫಂಕ್ಷನ್ ಇರಬೇಕು. ಹಳೇ ಚಿಪ್‌ನ ಫಂಕ್ಷನ್ ಒಳಗೆ ಒಂದು ಸಾಲು ಬದಲಾಗಿದ್ದರೂ ಅದನ್ನು ಬೇರೆ ಪ್ಯಾಚ್ ಮಾಡಿ, ಬೀರುವಿನಲ್ಲಿರುವ ಹಳೇ ಬೋರ್ಡ್ ತೆಗೆದು, ಅದರ ಮೇಲೆ ಓಡಿಸಿ, ಆಮೇಲೆ ಕಳಿಸಿ.